ಬಾಣಂತಿ ಮನೆಯ ಬಾಯ್ಲರ್

"ಪಣಂಬೂರು ಬಂದರಲ್ಲಿ ಗ್ರೀಕರ ಹಡಗಿನ ಬಾಯ್ಲರ್ ಹೀಗೇ ಹಟ ಹಿಡಿದಿತ್ತು. ಕಪಾಳಕ್ಕೆ ಒಂದೇ ಒಂದು ಬಿಟ್ಟೆ ನೋಡಿ, ಆಫ್ರಿಕಾ ಮುಟ್ಟುವವರೆಗೆ ಕೆಮ್ಮಲಿಲ್ಲ! ಕ್ಯಾಪ್ಟನ್ ಹಡಗನ್ನೇ ಬರೆದುಕೊಡ್ತೇನೆ ಅಂದ. ಕಟ್ಟಿ ಹಾಕ್ಲಿಕ್ಕೆ ಜಾಗ ಇಲ್ಲ ಮಾರಾಯ ಅಂತ ನಾನೇ ಬೇಡ ಅಂದೆ."

ಸ್ಕ್ರೂಡ್ರೈವರನ್ನು ಹಲ್ಲಲ್ಲಿ ಕಚ್ಚಿಕೊಂಡೇ ದೇಜಪ್ಪ ಇಷ್ಟನ್ನೂ ಹೇಳಿ ಮುಗಿಸಿದ. ದೋಹಾದ ಅಲ್ ಅಜೀಜಿಯಾ ಬಡಾವಣೆಯ ಅಬ್ದುಲ್ ಸಲಾಮರ ಬಚ್ಚಲಿನ ಮೂಲೆಯಲ್ಲಿ ನೇತಾಡುತ್ತಿದ್ದ ಆ ಬಾಯ್ಲರ್ ಹಿಂದೆ ಬಾಡಿಗೆಗಿದ್ದ ಇಂಗ್ಲಿಷಿನವನು ಬಿಟ್ಟುಹೋದದ್ದು. ಇಡೀ ದೋಹಾ ಕರೆಂಟಿನಲ್ಲಿ ನೀರು ಕಾಯಿಸುತ್ತಿದ್ದರೆ ಇದೊಂದಕ್ಕೆ ಗ್ಯಾಸೇ ಆಗಬೇಕು. ವಯಸ್ಸು ದೇಜಪ್ಪನ ಅಂದಾಜಿನಲ್ಲಿ ಮುನ್ನೂರು ವರ್ಷ.

ಸಲಾಮರ ಮಗಳು ಫಾಹಿಮಾ ಹೆತ್ತು ಹದಿನಾಲ್ಕು ದಿನ. ನಲವತ್ತು ದಿನವೂ ಮಗಳಿಗೆ ಬಿಸಿನೀರು ಎರೆದೇ ತೀರುವವಳು ತಾಯಿ ಹಬೀಬಾ; ಅವಳು ಸುರಿಯುವ ರಭಸಕ್ಕೆ ಕೊಲ್ಲಿಯ ಸಮುದ್ರವೇ ಒಂದು ಗೇಣು ಇಳಿಯಬೇಕು. ಆದರೆ ಮೂರನೇ ಬಕೆಟ್ಟಿಗೆ ಬಾಯ್ಲರ್ ಟಪ್ಪೆಂದು ಆರುತ್ತಿತ್ತು. ತೊಂಬತ್ತಾರರ ಜನವರಿ, ಮರುಭೂಮಿಯ ಚಳಿ, ಮೈತುಂಬ ಎಣ್ಣೆ ಹಚ್ಚಿಕೊಂಡು ನಡುಗುವ ಬಾಣಂತಿ.

ವೆಸ್ಟ್ ಬೇಯ ಹೋಟೆಲೊಂದರಲ್ಲಿ ರಿಪೇರಿ ವಿಭಾಗ ನೋಡುತ್ತಿದ್ದ ಸಲಾಮರು ಮೊದಲ ದಿನವೇ ಹೇಳಿದ್ದರು: "ಇದನ್ನು ಸರಿ ಮಾಡು ದೇಜಪ್ಪ, ನಮ್ಮ ಬಾಯ್ಲರ್ ರೂಮಿಗೆ ನಿನ್ನ ಹೆಸರು ಹೇಳ್ತೇನೆ." ಎಂಟು ವರ್ಷದಿಂದ ಗೋದಾಮಿನಲ್ಲಿ ಪೈಪಿನ ಪೆಟ್ಟಿಗೆ ಹೊರುತ್ತಿದ್ದ ದೇಜಪ್ಪನ ಕಣ್ಣಿಗೆ ಆ ರೂಮು ಅರಮನೆಯ ಹಾಗೆ ಕಂಡಿತ್ತು.

ಮೂರು ದಿನ ಬಂದ. ಬಿಚ್ಚಿದ, ಊದಿದ, ಬಿಗಿದ. ಅವನಿರುವಾಗ ಬೆಂಕಿ ನೀಲಿಯಾಗಿ ಉರಿಯುತ್ತಿತ್ತು. ಗೋಡೆಯ ಮೇಲಿನ ತೂತಿಗೆ ತುರುಕಿದ್ದ ಹಳೆಯ ಬಟ್ಟೆ ಎಳೆದು ಕೈ ಒರೆಸಿ, ಶಿಸ್ತಿನ ಮನುಷ್ಯನಾದ್ದರಿಂದ ಮತ್ತೆ ಅಲ್ಲೇ ತುರುಕಿ, "ಖಲಾಸ್!" ಎಂದು ಚಾ ಕುಡಿದು ಹೋಗುತ್ತಿದ್ದ. ಮರುದಿನ ಮೂರನೇ ಬಕೆಟ್ಟಿಗೆ ಮತ್ತೆ ಟಪ್.

"ಹಡಗು ಪುನಃ ಮುಳುಗಿತು ದೇಜಪ್ಪ," ಎಂದು ಇವತ್ತು ಹಬೀಬಾ ಬಾಗಿಲಲ್ಲೇ ಹಂಗಿಸಿದ್ದಳು. "ಈ ಸಲ ಬಾಗಿಲು ಹಾಕಿ ನೋಡು. ನಾವು ಮೀಯುವುದು ಬಾಗಿಲು ಹಾಕಿ ಅಲ್ವಾ?"

ಒಳಗಿನಿಂದ ಫಾಹಿಮಾ ಗೊಣಗಿದಳು: "ಉಮ್ಮಾ, ಇವತ್ತು ಸ್ನಾನ ಬೇಡ. ಮಿಂದ ಮೇಲೆ ತಲೆ ತಿರುಗ್ತದೆ."

"ಬಾಣಂತಿಗೆ ತಿರುಗದೆ ಮತ್ತೆ ನನಗೆ ತಿರುಗ್ತದಾ? ಸುಮ್ಮನಿರು."

ದೇಜಪ್ಪ ಬಾಗಿಲು ಹಾಕಿ ನಲ್ಲಿ ಬಿಟ್ಟ. ಕೈಯಲ್ಲಿ ತೂತಿನಿಂದ ಎಳೆದ ಅದೇ ಒರೆಸುವ ಬಟ್ಟೆ. ಹತ್ತು ಬಕೆಟ್ ತುಂಬಿತು, ಬೆಂಕಿ ಅಲುಗಲಿಲ್ಲ. ಗೆದ್ದೆನೆಂದು ಬಟ್ಟೆಯನ್ನು ತೂತಿಗೆ ತುರುಕಿ, ನಲ್ಲಿ ಹಾಗೇ ಬಿಟ್ಟು, ಒಂದು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ನೀಲಿ ಬೆಂಕಿ ಹಳದಿಗೆ ತಿರುಗಿತು. ಟಪ್. ಅವನ ಹಣೆಯೊಳಗೂ ಏನೋ ಡೋಲು ಬಡಿಯುತ್ತಿತ್ತು. ಬಟ್ಟೆ ತೆಗೆದು ಹೊತ್ತಿಸಿದ, ಉರಿಯಿತು. ತುರುಕಿದ, ಆರಿತು. ಇನ್ನೊಮ್ಮೆ ನೋಡಿದ. ಆಮೇಲೆ ಬಾಗಿಲು ದಡಾರನೆ ತೆರೆದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟ.

"ಎಂತ ಆಗಿತ್ತು?" ಸಲಾಮರು ಕೇಳಿದರು.

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು: ಜರ್ಮನಿಯ ವಾಲ್ವು, ದೋಹಾದಲ್ಲಿ ಅದು ಗೊತ್ತಿರುವವನು ತಾನೊಬ್ಬನೇ. ಬಟ್ಟೆಯನ್ನು ಚೀಲಕ್ಕೆ ಹಾಕಿಕೊಂಡು ಹೋದರೆ ವೆಸ್ಟ್ ಬೇಯ ಕೆಲಸ ಕೈಯಲ್ಲೇ. ಅಷ್ಟರಲ್ಲಿ ಬಚ್ಚಲಿಗೆ ಇಣುಕಿದ ಹಬೀಬಾ ಹಳೆಯ ಟವೆಲೊಂದನ್ನು ಮಡಚಿ ತೂತಿನ ಕಡೆ ಕೈ ಚಾಚಿದಳು.

"ಬೇಡ ಹಬೀಬಕ್ಕ! ಮುಚ್ಚಬೇಡಿ. ಬೆಂಕಿಗೆ ಉಸಿರು ಕಟ್ತದೆ. ಆ ಹೊಗೆ ವಿಷ. ಮಗಳಿಗೆ ತಲೆ ತಿರುಗಿದ್ದು ಅದಕ್ಕೇ."

"ಗ್ರೀಕರು ಹೇಳಿಕೊಟ್ಟದ್ದಾ? ಬಾಣಂತಿಗೆ ಗಾಳಿ ತಾಗಬಾರದು ಅಂತ ನಾನೇ ಮುಚ್ಚಿದ್ದು. ನಿನ್ನ ಯಾವ ಮಾತು ನಂಬುವುದು ನಾನು?" ಟವೆಲಿನ ತುದಿ ಆಗಲೇ ತೂತಿನೊಳಗೆ ಹೋಗಿತ್ತು.

ದೇಜಪ್ಪ ಎದ್ದು ನಿಂತ. ಜೀವಮಾನದಲ್ಲೇ ಮೊದಲ ಬಾರಿಗೆ ಅವನ ದನಿ ಸಣ್ಣದಾಯಿತು.

"ಹಡಗು ಇಲ್ಲ ಅಕ್ಕ. ಗ್ರೀಕರೂ ಇಲ್ಲ. ಊರಲ್ಲಿ ಹಂಪನಕಟ್ಟೆಯ ಹೋಟೆಲಲ್ಲಿ ಕಾಫಿ ಬಾಯ್ಲರಿನ ಪಕ್ಕ ಲೋಟ ತೊಳೀತಿದ್ದೆ. ಅದನ್ನೂ ಮುಟ್ಲಿಕ್ಕೆ ಬಿಡ್ತಿರಲಿಲ್ಲ ನನ್ನನ್ನು. ಆ ಬಟ್ಟೆ ಮೂರು ದಿನವೂ ಪುನಃ ತುರುಕಿದ್ದು ನಾನೇ. ಇದೊಂದು ನಂಬಿ."

ಹಬೀಬಾ ಅವನ ಮುಖವನ್ನೇ ನೋಡಿದಳು. ನಿಧಾನವಾಗಿ ಟವೆಲನ್ನು ಎಳೆದುಕೊಂಡು ಹೆಗಲಿಗೆ ಹಾಕಿಕೊಂಡಳು. ಒಳಗಿದ್ದ ಮಗಳನ್ನು ಕೂಗಿದಳು: "ಮೋಳೇ, ದಪ್ಪದ ಕಂಬಳಿ ತಾ. ತೂತು ಮುಚ್ಚದ ಹಾಗೆ ಈಚೆಗೆ ಮರೆ ಕಟ್ಟುವಾ."

ಸಲಾಮರು ಒಳಗಿನಿಂದ ಚಾ ತಂದುಕೊಟ್ಟರು.

ಅಂಗಳದಲ್ಲಿ ನಿಂತು ದೇಜಪ್ಪ ಕಿವಿಗೊಟ್ಟ. ಮೂರನೇ ಬಕೆಟ್ ದಾಟಿತು. ನಾಲ್ಕು. ಐದು. ಗೋಡೆಯ ತೂತಿನಿಂದ ಬಿಳಿ ಹಬೆ ಹೊರಬಂದು ಚಳಿಯಲ್ಲಿ ಕರಗುತ್ತಿತ್ತು. ಅವನು ಅಂಗಳದ ನಲ್ಲಿಯಲ್ಲಿ ತನ್ನ ಲೋಟವನ್ನು ಒಂದೇ ಸುತ್ತಿಗೆ ಫಳಫಳ ತೊಳೆದು, ನೀರು ಕೊಡವಿ, ಕಟ್ಟೆಯ ಮೇಲೆ ಬೋರಲು ಹಾಕಿದ.