ಧರ್ಮರಾಯನ ಗುಡಿಗೆ ಕನಕಮ್ಮನ ಹೊಲ

ಕನಕಮ್ಮನಿಗೆ ಓದು ಬರಹ ಬಾರದು, ಆದರೆ ಮಹಾಭಾರತ ಬರುತ್ತಿತ್ತು. ಹೊಸೂರು ಸೀಮೆಯ ಉದ್ದನಪಲ್ಲಿಯಿಂದ ಎರಡು ಮೈಲಿ ಒಳಗಿದ್ದ ಆ ಊರಿಗೆ ಸೊಸೆಯಾಗಿ ಬಂದ ವರ್ಷದಿಂದ ಇಪ್ಪತ್ತೆರಡು ಬೇಸಿಗೆ, ಸಂಜೆ ದೀಪ ಹಚ್ಚಿದ ಮೇಲೆ, ಭಜನೆ ಮನೆಯಲ್ಲಿ ಹೆಂಗಸರ ಕಡೆಯ ಕಂಬಕ್ಕೆ ಒರಗಿ ಕುಳಿತು ಕೇಳಿಸಿಕೊಂಡಿದ್ದಳು. ಓದುತ್ತಿದ್ದವರು ತೊರಪಲ್ಲಿ ಅಗ್ರಹಾರದ ಶ್ಯಾಮಣ್ಣನವರು, ನಿವೃತ್ತ ಮೇಷ್ಟ್ರು. ಪದ್ಯ ಕನ್ನಡದಲ್ಲಿ, ಅರ್ಥ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ. ನಡುವೆ ಒಂದು ತಮಿಳು ಗಾದೆ ಸೇರಿಸಿದರೆಂದರೆ ಮೂರು ಭಾಷೆಯವರೂ ಒಟ್ಟಿಗೆ ನಗುತ್ತಿದ್ದರು.

ಎಪ್ಪತ್ತೊಂಬತ್ತನೆಯ ಇಸವಿಯ ಬೇಸಿಗೆಯಲ್ಲಿ ಊರಿನವರು ಧರ್ಮರಾಯಸ್ವಾಮಿಗೆ ಗುಡಿ ಕಟ್ಟಬೇಕೆಂದು ತೀರ್ಮಾನಿಸಿದರು. ಓದು ಶುರುವಾದ ಮೊದಲ ಸಂಜೆಯೇ ಊರ ಗೌಡ ಮುನಿವೆಂಕಟಪ್ಪ ಎದ್ದು ನಿಂತು, ಜಾಗ ಕೊಡುವ ಪುಣ್ಯವಂತ ಯಾರು ಎಂದು ಕೇಳಿದ. ಅವನಿಗೇ ರಸ್ತೆಯ ಎರಡೂ ಬದಿಗೆ ಹದಿನೈದು ಎಕರೆ ಇತ್ತು. ಅದು ಯಾರಿಗೂ ನೆನಪಾಗಲಿಲ್ಲ. ಧರ್ಮರಾಯನ ಗುಣಗಾನ ಕೇಳಿ ಕಣ್ಣು ಒದ್ದೆ ಮಾಡಿಕೊಂಡಿದ್ದ ಕನಕಮ್ಮನ ಗಂಡ ಮುತ್ತರಾಯಪ್ಪ ತಟ್ಟನೆ ಎದ್ದ. ಕೆರೆ ಕೆಳಗಿನ ಒಂದೂವರೆ ಎಕರೆ ತಾನು ಕೊಡುವುದಾಗಿ ಸಭೆಯಲ್ಲಿ ಮಾತು ಕೊಟ್ಟ. ಗೌಡ ಅವನ ಕೊರಳಿಗೆ ಹಾರ ಹಾಕಿದ.

ಆ ಹೊಲ ಅವನದಲ್ಲ. ಮದುವೆಯಲ್ಲಿ ಅವಳ ಅಪ್ಪ ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದು, ಪಟ್ಟಾ ಅವಳ ಹೆಸರಿನಲ್ಲೇ ಇತ್ತು. ಮುತ್ತರಾಯಪ್ಪನ ಪಾಲಿಗೆ ಬಂದ ಜಮೀನನ್ನು ಅವನು ಮೂರು ವರ್ಷದ ಹಿಂದೆಯೇ ಕಳೆದುಕೊಂಡಿದ್ದ. ಭಾಗದ ದಿನ ತಮ್ಮಂದಿರು ಕಣ್ಣೀರು ಹಾಕಿದ್ದಕ್ಕೆ, ನೀವೇ ಉಂಡುಕೊಳ್ಳಿ ಎಂದು ಎಲ್ಲವನ್ನೂ ಬರೆದುಕೊಟ್ಟು ಬರಿಗೈಯಲ್ಲಿ ಮನೆಗೆ ಬಂದಿದ್ದ. ಅಂಥ ಒಳ್ಳೆಯವನು ಹತ್ತೂರಲ್ಲಿ ಇಲ್ಲ ಎಂದು ಜನ ಹೊಗಳುತ್ತಿದ್ದರು. ಆ ಒಳ್ಳೆಯತನಕ್ಕೆ ಹೊಟ್ಟೆಗೆ ಹಾಕುತ್ತಿದ್ದವಳು ಕನಕಮ್ಮ. ಕೆರೆ ಕೆಳಗೆ ಸೇವಂತಿಗೆ ಬೆಳೆದು, ಮುಂಜಾನೆಯ ಮೊದಲ ಬಸ್ಸಿಗೆ ಕುಕ್ಕೆ ಹೊತ್ತು ಹೊಸೂರಿನ ಪೇಟೆಗೆ ಹೋಗಿ ಬರುತ್ತಿದ್ದಳು.

ಅವಳು ಮದುವೆಯಾದದ್ದು ಸೋದರಮಾವನನ್ನೇ. ಮಾವ ಎಂದೇ ಕರೆಯುತ್ತಿದ್ದಳು. ಆ ರಾತ್ರಿ ಮನೆಗೆ ಬಂದು ಮುದ್ದೆ ಬಡಿಸಿ, ಯಾರನ್ನು ಕೇಳಿ ಕೊಟ್ಟೆ ಎಂದಳು. ದೇವರ ಕೆಲಸಕ್ಕೆ ಯಾರನ್ನು ಕೇಳಬೇಕು ಎಂದ ಅವನು.

"ಸಭೆಯಾಗೆ ಮಾತು ಕೊಟ್ಬುಟ್ಟೀನಿ ಕನಕ. ಈಗ ಇಲ್ಲ ಅಂದ್ರೆ ನನ್ ಮುಖ ಎಲ್ಲಿ ಇಟ್ಕೊಳ್ಳಲಿ?"

"ಮಾತು ನಿಂದು ಮಾವ. ಹೊಲ ನಂದು."

ಮುತ್ತರಾಯಪ್ಪ ಮುದ್ದೆ ಮುರಿಯದೆ ಎದ್ದು ಹೋದ.

ಒಂದು ವಾರಕ್ಕೆ ಜೂಜಿನ ಕತೆ ಬಂತು. ಭಜನೆ ಮನೆ ಕಿಕ್ಕಿರಿದಿತ್ತು, ಏಕೆಂದರೆ ಸೀರೆ ಬೆಳೆಯುವ ಭಾಗವನ್ನು ಯಾರೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಧರ್ಮರಾಯ ರಾಜ್ಯ ಸೋತ, ತಮ್ಮಂದಿರನ್ನು ಸೋತ, ತನ್ನನ್ನೇ ಸೋತ, ಕಡೆಗೆ ಹೆಂಡತಿಯನ್ನು ಪಣವಿಟ್ಟ. ಕರೆಯಲು ಬಂದ ಸೇವಕನನ್ನು ದ್ರೌಪದಿ ಹಿಂದಕ್ಕೆ ಕಳಿಸಿದಳು: ನಿನ್ನ ದೊರೆ ಮೊದಲು ತನ್ನನ್ನು ಸೋತನೋ, ನನ್ನನ್ನು ಸೋತನೋ, ಕೇಳಿಕೊಂಡು ಬಾ. ಶ್ಯಾಮಣ್ಣನವರು ಅಷ್ಟು ಹೇಳಿ ಹಾಳೆ ತಿರುವಿದರು.

ಕನಕಮ್ಮ ಎದ್ದು ನಿಂತಳು.

"ಐನೋರೆ, ವಸಿ ತಡೀರಿ. ಆಯಮ್ಮ ಕೇಳಿದ್ದಕ್ಕೆ ಉತ್ತರ ಏನು?"

ಗಂಡಸರ ಕಡೆ ಗುಸುಗುಸು ಎದ್ದಿತು. ಹೆಂಗಸರು ನಡುವೆ ಬಾಯಿ ಹಾಕಬಾರದೆಂದು ಗೌಡ ಗದರಿದ. ಶ್ಯಾಮಣ್ಣನವರು ಸಮಾಧಾನದಿಂದಲೇ, ಧರ್ಮ ಬಹಳ ಸೂಕ್ಷ್ಮವಾದದ್ದು ಎಂದು ಭೀಷ್ಮರಂಥವರೇ ಸುಮ್ಮನಾದರು ತಾಯಿ ಎಂದರು.

"ಅವರು ಆ ಮನೆ ಅನ್ನ ಉಂಡಿದ್ರು, ಸುಮ್ಕಾದ್ರು. ನೀವು ಅವರ ಅನ್ನ ಉಂಡಿಲ್ವಲ್ಲ. ನೀವು ಹೇಳಿ. ತನ್ನದೆಲ್ಲಾ ಕಳಕೊಂಡು ಬರಿಗೈಯಾಗೆ ನಿಂತೋನು, ಹೆಂಡ್ತೀದು ಅಂತ ಇರೋದನ್ನ ಸಭೆಯಾಗೆ ಇಡಬೋದಾ?"

ಈಗ ಎಲ್ಲರಿಗೂ ಅರ್ಥವಾಯಿತು. ಕೆಲವರು ಮುತ್ತರಾಯಪ್ಪನ ಕಡೆ ತಿರುಗಿದರು. ಅವನು ಚಾಪೆಯ ಅಂಚನ್ನೇ ನೋಡುತ್ತಿದ್ದ. ಕೂತ್ಕೊಳ್ಳಮ್ಮಿ ಎಂದು ಗೌಡ ಎರಡನೆಯ ಸಲ ಹೇಳಿದ. ಕನಕಮ್ಮ ಕೂರಲಿಲ್ಲ.

ಶ್ಯಾಮಣ್ಣನವರು ಕನ್ನಡಕ ತೆಗೆದು ಪುಸ್ತಕದ ಮೇಲಿಟ್ಟರು. "ನಲವತ್ತು ವರ್ಷದಿಂದ ಓದ್ತಿದೀನಮ್ಮ. ಈ ಜಾಗ ಬಂದಾಗಲೆಲ್ಲ ಬೇಗ ಮುಂದಕ್ಕೆ ಹೋಗಿದೀನಿ. ಜನಕ್ಕೆ ಪವಾಡ ಬೇಕು, ಪ್ರಶ್ನೆ ಬೇಡ. ನನಗೂ ಬೇಡವಾಗಿತ್ತು." ಆಮೇಲೆ ಸಭೆಯ ಕಡೆ ತಿರುಗಿ ಹೇಳಿದರು. "ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನ ಪಣ ಇಡೋ ಅಧಿಕಾರ ಇಲ್ಲ. ಸೋಲದೆ ಇದ್ದವನಿಗೂ ಇರಲಿಲ್ಲ. ಇದು ಭೀಷ್ಮರ ಮಾತಲ್ಲ, ನನ್ನದು."

ಆವತ್ತಿನ ಓದು ಅಲ್ಲಿಗೇ ನಿಂತಿತು. ಮಾರನೆಯ ದಿನ ಗೌಡ ಒಂದು ಪಂಚೆ, ತಾಂಬೂಲ ಕಳಿಸಿ, ಇನ್ನು ಬರುವುದು ಬೇಡವೆಂದು ಶ್ಯಾಮಣ್ಣನವರಿಗೆ ಹೇಳಿಸಿದ.

ಗುಡಿಗೆ ಗೊತ್ತುಮಾಡಿದ್ದ ಗುದ್ದಲಿ ಪೂಜೆಯ ದಿನ ಮಾತ್ರ ಬದಲಾಗಲಿಲ್ಲ. ಆ ದಿನ ಊರೇ ಬಂದು ಎದುರು ನಿಂತರೆ ಅವಳೇ ದಾರಿಗೆ ಬರುತ್ತಾಳೆ ಎಂದು ಗೌಡ ಲೆಕ್ಕ ಹಾಕಿದ್ದ. ಕನಕಮ್ಮ ಅಂದು ಸೂರ್ಯ ಹುಟ್ಟುವ ಮುಂಚೆಯೇ ಹೊಲಕ್ಕೆ ಹೋದಳು. ಕೆರೆಯ ಕಾಲುವೆಯನ್ನು ಹೂವಿನ ಬೆಳೆ ಮುಗಿದು ಖಾಲಿ ಬಿದ್ದಿದ್ದ ಹೊಲಕ್ಕೆ ತಿರುಗಿಸಿ, ಪೂಜೆಗೆಂದು ನೆಟ್ಟಿದ್ದ ನಾಲ್ಕು ಗೂಟಗಳನ್ನು ಕಿತ್ತು ಬದುವಿನ ಮೇಲೆ ಜೋಡಿಸಿಟ್ಟಳು. ಜನ ಮಂಗಳದ್ರವ್ಯ ಹಿಡಿದು ಬರುವ ಹೊತ್ತಿಗೆ ಹೊಲ ಮೊಣಕಾಲುದ್ದ ಕೆಸರಾಗಿತ್ತು. ನಡುವೆ ಅವಳು ಸೀರೆ ಎತ್ತಿ ಕಟ್ಟಿ ನಿಂತಿದ್ದಳು. ಮುತ್ತರಾಯಪ್ಪ ಅರಿಶಿನ ಕುಂಕುಮದ ತಟ್ಟೆ ಹಿಡಿದು ಗೌಡನ ಪಕ್ಕದಲ್ಲಿದ್ದ.

ಗೌಡ ಸಿಟ್ಟನ್ನು ನುಂಗಿಕೊಂಡು ಬುದ್ಧಿ ಹೇಳಿದ. ಗಂಡನ ಮಾತು ಉಳಿಸಿದವರನ್ನೇ ಪತಿವ್ರತೆ ಎನ್ನುವುದು, ನಿನ್ನ ಹೆಸರೂ ಕಲ್ಲಿನಲ್ಲಿ ಕೆತ್ತಿಸುತ್ತೇವೆ ಎಂದ. ಜೇಬಿನಿಂದ ಕಾಗದ ತೆಗೆದು, ರಾಯಕೋಟೆಯ ರಿಜಿಸ್ಟರ್ ಆಫೀಸಿನಲ್ಲಿ ಮಾತಾಡಿಟ್ಟಿದ್ದೇನೆ, ಹೆಬ್ಬೆಟ್ಟು ಒತ್ತಿದರೆ ಸಾಕು ಎಂದ.

ಕನಕಮ್ಮ ಕೆಸರಿನ ಕೈ ಎತ್ತಿ ತೋರಿಸಿದಳು.

"ಹೆಬ್ಬೆಟ್ಟು ಕೇಳಿದ ದೊಡ್ಡೋರ ಕತೆನೂ ಭಾರತದಾಗೇ ಬತ್ತದೆ ಗೌಡ್ರೆ. ಆ ಬೇಡರ ಹುಡುಗ ಕುಯ್ದು ಕೊಟ್ಟ. ನಾನು ಕೊಡಾಕಿಲ್ಲ."

ಗೌಡ ಮುತ್ತರಾಯಪ್ಪನ ಕಡೆ ತಿರುಗಿ, ಏನ್ಲಾ, ನೋಡ್ತಾ ನಿಂತಿದ್ದೀಯಲ್ಲ ಎಂದ. ಮುತ್ತರಾಯಪ್ಪ ತಟ್ಟೆಯನ್ನು ಬದುವಿನ ಮೇಲೆ ಇಟ್ಟ. "ಹೊಲ ಅವಳ್ದು ಗೌಡ್ರೆ" ಎಂದು ಕೇಳಿಯೂ ಕೇಳದಂತೆ ಹೇಳಿ, ಮನೆಯ ದಾರಿ ಹಿಡಿದ. ಕನಕಮ್ಮನಿಗೆ ಅದನ್ನು ಕೇಳಿ ಸಂತೋಷವಾಗಲಿಲ್ಲ. ಈ ಒಂದು ಮಾತು ಮೊದಲ ಸಂಜೆಯೇ ಬಂದಿದ್ದರೆ ಎಂದುಕೊಂಡು ಕಾಲುವೆ ಮುಚ್ಚಲು ನಡೆದಳು.

ಊರು ಸುಮ್ಮನಿರಲಿಲ್ಲ. ಒಂದು ವರ್ಷ ಅವಳ ಮನೆಗೆ ಯಾರೂ ಮಜ್ಜಿಗೆ ಕೊಡಲಿಲ್ಲ, ಹಬ್ಬಕ್ಕೆ ಕರೆಯಲಿಲ್ಲ. ಅವಳ ಹೂವು ದೇವರಿಗೆ ಆಗದು ಎಂದರು. ಹೊಸೂರಿನ ಪೇಟೆಯಲ್ಲಿ ದೇವರು ಹಾಗೇನೂ ಹೇಳಲಿಲ್ಲ. ಗುಡಿ ಕೆರೆಯಂಗಳದ ಪೊರಂಬೋಕಿನಲ್ಲಿ, ಸರ್ಕಾರದ ಖಾಲಿ ಜಾಗದಲ್ಲಿ ಎದ್ದಿತು. ಮುತ್ತರಾಯಪ್ಪ ಕೆಲವು ತಿಂಗಳು ಮಾತು ಬಿಟ್ಟಿದ್ದ. ಒಂದು ಬೆಳಗ್ಗೆ ತಾನೇ ಕುಕ್ಕೆ ತಲೆಗೆ ಎತ್ತಿಕೊಂಡು ಬಸ್ಸಿನ ತನಕ ಬಂದ. ನಿಂತುಹೋದ ಕತೆಯನ್ನು ಮುಗಿಸಿಕೊಡಿ ಎಂದು ಕನಕಮ್ಮ ಶ್ಯಾಮಣ್ಣನವರನ್ನು ಕೇಳಿಕೊಂಡಳು. ಅವರು ಶುಕ್ರವಾರದ ಸಂಜೆ ಬಸ್ಸು ಹಿಡಿದು ಬಂದು ಅವಳ ಜಗಲಿಯ ಮೇಲೆ ಓದುತ್ತಿದ್ದರು. ಕೇಳಲು ಮೊದಲು ಬಂದವರು ನಾಲ್ವರು ಹೆಂಗಸರು, ಬರಬರುತ್ತ ಜಗಲಿ ಸಾಲದಾಯಿತು.

ಗೌಡನ ಮನೆಯವರು ಮಾತ್ರ ಆ ಕಡೆ ತಲೆ ಹಾಕುತ್ತಿರಲಿಲ್ಲ. ಹಾಗಿರುವಾಗ, ಎರಡು ವರ್ಷದ ಮೇಲೆ, ಗೌಡನ ಸೊಸೆ ಪಾರ್ವತಮ್ಮ ಬಿಂದಿಗೆ ಹಿಡಿದುಕೊಂಡು ಕೆರೆಗೆ ಹೋಗುವವಳಂತೆ ಬಂದು ಹೊಲದ ಬದುವಿನಲ್ಲಿ ನಿಂತಳು. ತನ್ನ ತವರೂರು ತಳಿಯಲ್ಲಿ ಅಪ್ಪ ಕೊಟ್ಟ ತೋಟವನ್ನು ಗಂಡ ಮಾರಲು ಹೊರಟಿದ್ದಾನೆ, ಸೋಮವಾರ ರಿಜಿಸ್ಟರ್ ಆಫೀಸಿಗೆ ಕರೆದಿದ್ದಾರೆ ಎಂದಳು.

"ಅಕ್ಕ, ಆವತ್ತು ಭಜನೆ ಮನೆಯಾಗೆ ಎದ್ದು ನಿಂತು ಏನೋ ಕೇಳಿದ್ಯಂತಲ್ಲ. ಇನ್ನೊಂದು ಸಲ ಹೇಳ್ಕೊಡು."

ಕನಕಮ್ಮ ಹೂವಿನ ಕುಕ್ಕೆ ಕೆಳಗಿಟ್ಟು, ಅವಳ ಕೈಯಿಂದ ಬಿಂದಿಗೆ ಇಸಿದುಕೊಂಡು, ಬದುವಿನ ಮೇಲೆ ಕೂರಿಸಿದಳು.