ತೆರೆದ ಯಂತ್ರದ ವೀರಣ್ಣ

ವೀರಣ್ಣನವರು ಯಾವುದನ್ನೂ ಬೆರಳಿನಿಂದ ತೋರಿಸುತ್ತಿರಲಿಲ್ಲ. ಡಚ್ಚರ ನಾಡಿನ ಎನ್ಸ್‌ಕೆಡೆ ಊರಿನ ಮಂಗಳವಾರದ ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ, ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ ಕಿರಿಯರ ತಪ್ಪು ತಿದ್ದುವಾಗಲೂ, ಊಟದ ತಟ್ಟೆಯಲ್ಲಿ ಉಪ್ಪು ಸಾಲದ ಪಲ್ಯವನ್ನು ಹೆಂಡತಿ ಗೌರಾಬಾಯಿಯ ಗಮನಕ್ಕೆ ತರುವಾಗಲೂ ಅವರ ಬಲಗೈಯಲ್ಲಿ ಬೆಂಕಿಕಡ್ಡಿಗಿಂತ ತುಸು ಉದ್ದನೆಯ ಪ್ಲಾಸ್ಟಿಕ್ ಕಡ್ಡಿಯೊಂದು ಇರುತ್ತಿತ್ತು. ಅದು ಅವರ ಟ್ಯಾಬ್ಲೆಟ್ಟಿನ ಪರದೆಯ ಮೇಲೆ ಬರೆಯುವ ಕಡ್ಡಿ. ನಿದ್ದೆಯಲ್ಲಿಯೂ ಅವರ ಹೆಬ್ಬೆರಳು ತೋರುಬೆರಳುಗಳು ಇಲ್ಲದ ಕಡ್ಡಿಯನ್ನು ಹಿಡಿದಂತೆ ಕೂಡಿಕೊಂಡಿರುತ್ತಿದ್ದುದನ್ನು ಗೌರಾಬಾಯಿ ಎಷ್ಟೋ ಸಲ ನೋಡಿದ್ದರು.

ಟ್ಯಾಬ್ಲೆಟ್ ಎಂದರೆ ಇಂದು ಮಕ್ಕಳ ಕೈಯಲ್ಲಿ ಹೊಳೆಯುವ ಹಲಗೆಯಲ್ಲ. ಆ ಹೆಸರು ಜನರ ಬಾಯಿಗೆ ಇನ್ನೂ ಹತ್ತದಿದ್ದ ಕಾಲದಲ್ಲಿ ಫೋನ್ ಕಂಪನಿಯೊಂದು ಹೊರತಂದಿದ್ದ, ಇಂಟರ್‌ನೆಟ್ಟಿಗೆಂದೇ ಮಾಡಿದ, ಅಂಗೈಯಗಲದ ಯಂತ್ರ ಅದು. ಸಿಮ್ ಇಲ್ಲ, ಮಾಮೂಲಿ ಕರೆ ಮಾಡಲು ಬಾರದು; ಅಂಚಿನಲ್ಲಿ ಒತ್ತಿದರೆ ಕಪ್ಪೆಗಣ್ಣಿನಂಥ ಪುಟ್ಟ ಕ್ಯಾಮೆರಾವೊಂದು ಹೊರಗೆ ಚಿಮ್ಮುತ್ತಿತ್ತು. ಆದರೆ ಅದರೊಳಗೆ ಓಡುತ್ತಿದ್ದುದು ಯಾರು ಬೇಕಾದರೂ ಬಿಚ್ಚಿ ಓದಬಹುದಾದ, ತಿದ್ದಬಹುದಾದ, ತಿದ್ದಿದ್ದನ್ನು ಊರಿಗೆಲ್ಲ ಹಂಚಬಹುದಾದ ಮುಕ್ತ ತಂತ್ರಾಂಶ. ವೀರಣ್ಣನವರಿಗೆ ಅದು ಯಂತ್ರವಾಗಿ ಕಾಣಲಿಲ್ಲ. ಮನುಷ್ಯರು ಒಬ್ಬರೊಡನೊಬ್ಬರು ಹೇಗೆ ಬಾಳಬೇಕೆಂಬುದಕ್ಕೆ ಸಿಕ್ಕ ಉತ್ತರವಾಗಿ ಕಂಡಿತು. ಅವರ ಕಂದು ಉಣ್ಣೆಯ ಕೋಟಿನ ಒಳಗೆ, ಎಡಗಡೆಗೆ, ಗುಳೇದಗುಡ್ಡದ ಖಣದ ತುಂಡಿನಿಂದ ಗೌರಾಬಾಯಿಯೇ ಅದಕ್ಕೊಂದು ಜೇಬು ಹೊಲಿದುಕೊಟ್ಟಿದ್ದರು. ಆ ಭಾರಕ್ಕೆ ಕೋಟು ಒಂದು ಕಡೆ ಇಳಿಬಿದ್ದು, ಕೂಸನ್ನು ಕಂಕುಳಿಗೇರಿಸಿಕೊಂಡವರ ಹಾಗೆ ಅವರು ಓರೆಯಾಗಿ ನಡೆಯುತ್ತಿದ್ದರು.

ಮೊದಲ ವರ್ಷಗಳಲ್ಲಿ ಆ ನಡಿಗೆ ಗೌರಾಬಾಯಿಗೆ ಹೆಮ್ಮೆಯದಾಗಿತ್ತು. ಬಾಗಲಕೋಟೆಯ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವುದನ್ನು ಬಿಟ್ಟು, ಗಂಡನ ಹಿಂದೆ ಈ ಚಳಿಯ ದೇಶಕ್ಕೆ ಬಂದಿದ್ದ ಆಕೆಗೆ, ಪರದೆಯ ಮೇಲೆ ಕನ್ನಡದ ಒತ್ತಕ್ಷರಗಳು ಚೆದುರದೆ ಸರಿಯಾಗಿ ಕೂತ ಸಂಜೆ ಹಬ್ಬದಂತೆ ನೆನಪಿನಲ್ಲಿತ್ತು. ಕಂಪನಿ ಮಾಡದೆ ಬಿಟ್ಟದ್ದನ್ನು ವೀರಣ್ಣನವರು ತಿಂಗಳುಗಟ್ಟಲೆ ಕೂತು ಮಾಡಿದ್ದರು, ಮಾಡಿ ಎಲ್ಲರಿಗೂ ಕೊಟ್ಟಿದ್ದರು. ಜರ್ಮನಿಯಿಂದ, ಫಿನ್ಲೆಂಡಿನಿಂದ ಗಡ್ಡದ ಹುಡುಗರು ಅವರನ್ನು ಹುಡುಕಿಕೊಂಡು ಬಂದು, ಚಕ್ಕಳಮಕ್ಕಳ ಹಾಕಿ ಕೂತು, ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತ, ಲೋಕವೇ ಇನ್ನು ಬೀಗವಿಲ್ಲದ ಮನೆಯಾಗುತ್ತದೆಂಬಂತೆ ಮಾತನಾಡುತ್ತಿದ್ದರು.

ಕಂಪನಿ ಆ ಯಂತ್ರವನ್ನು ಕೈಬಿಟ್ಟಿತು. ಗಡ್ಡದ ಹುಡುಗರು ಒಬ್ಬೊಬ್ಬರಾಗಿ ದೊಡ್ಡ ಸಂಬಳಗಳಿಗೆ ಹೋದರು. ಕೊನೆಯವರೆಗೂ ಉಳಿದಿದ್ದ ಗೆಳೆಯ ಮಹಾಬಲೇಶ್ವರ, ಕುಮಟೆಯ ಕಡೆಯವನು, ತಾನಿದ್ದ ಆಲ್ಮೆರೆ ಊರಿನಿಂದ ಒಂದು ದಿನ ಹೊಸ ಫೋನ್ ಹಿಡಿದು ಬಂದ.

"ಸತ್ತದ್ದಕ್ಕೆ ಎಷ್ಟು ದಿನ ಅಂತ ಸ್ನಾನ ಮಾಡಿಸ್ತೆ ಮಾರಾಯ? ಬಿಟ್ಬಿಡು."

"ನೀ ತಂದದ್ದು ಫೋನಲ್ಲ, ಬಾಡಿಗಿ ಮನಿ," ಎಂದರು ವೀರಣ್ಣ, ಕಡ್ಡಿಯನ್ನು ಆ ಫೋನಿನತ್ತ ಚಾಚಿ. "ಮಾಲಕ ಹೊರಗ ನಡಿ ಅಂದ ದಿನ ನಿನಗ ತಿಳೀತೈತಿ."

ಆಮೇಲೆ ಮಹಾಬಲೇಶ್ವರ ಆ ಮನೆಗೆ ಬರಲಿಲ್ಲ. ವೀರಣ್ಣ ಕರೆಯಲೂ ಇಲ್ಲ. ನೂರ್ಡ್‌ವೈಕ್‌ನ ಬಾಹ್ಯಾಕಾಶ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕಿದ್ದ ಮಗಳು ಐಶ್ವರ್ಯಾ ತಾಯಿಗೆಂದು ತಂದ ಫೋನು ಅವಳೊಂದಿಗೇ ವಾಪಸು ಹೋಯಿತು. ವೀರಣ್ಣ ಬೇಡವೆನ್ನಲಿಲ್ಲ. ಊಟದ ಮೇಜಿನ ಮೇಲೆ ಅದಿದ್ದಷ್ಟು ದಿನ ಅವರು ಮಾತಾಡಲಿಲ್ಲ, ಅಷ್ಟೇ. ಮೌನಕ್ಕೆ ಅಂಜಿ ಗೌರಾಬಾಯಿ ತಾವಾಗಿ, "ನನಗ ಬಟನ್ ಫೋನ್ ಸಾಕವಾ," ಎಂದರು.

ಮಹಾಮಾರಿ ಬಂದು ಜಗತ್ತೆಲ್ಲ ಪರದೆಯೊಳಗೆ ಹೊಕ್ಕಾಗ ವೀರಣ್ಣನವರು ಹೊರಗೇ ನಿಂತರು. ಪ್ರಯೋಗಶಾಲೆಯ ಸಭೆಗಳು ಮುಚ್ಚಿದ ತಂತ್ರಾಂಶದಲ್ಲಿ ನಡೆಯುತ್ತವೆಂದು ಅವರು ಸೇರಲಿಲ್ಲ. ಸಭೆಗಳು ಅವರಿಲ್ಲದೆ ನಡೆಯುವುದನ್ನು ಬೇಗ ಕಲಿತುಕೊಂಡವು. ಮಗಳ ಮುಖ ನೋಡದೆ ತಿಂಗಳುಗಳು ಕಳೆದವು. ಗೌರಾಬಾಯಿ ಕಿಟಕಿಯಾಚೆ ಖಾಲಿ ಬಸ್ಸುಗಳು ಹಾಯುವುದನ್ನು ನೋಡುತ್ತ ಕೂರುತ್ತಿದ್ದರು.

ಚಳಿಗಾಲದಲ್ಲಿ ಇಬ್ಬರಿಗೂ ಸೋಂಕು ತಗಲಿತು. ವೀರಣ್ಣನವರಿಗೆ ಕೆಮ್ಮಿನಲ್ಲಿ ಮುಗಿಯಿತು. ಗೌರಾಬಾಯಿಗೆ ಉಸಿರು ಮೇಲೆ ಬರದಾಯಿತು. ಆಂಬ್ಯುಲೆನ್ಸಿನವರು ಬಾಗಿಲಲ್ಲಿ ನಿಂತಿದ್ದಾಗ ವೀರಣ್ಣ ತಮ್ಮಲ್ಲಿದ್ದ ಅದೇ ಜಾತಿಯ ಇನ್ನೊಂದು ಟ್ಯಾಬ್ಲೆಟ್ಟನ್ನು ತಂದು ಆಕೆಯ ಚೀಲದೊಳಗೆ, ಸೀರೆ ರವಿಕೆಗಳ ನಡುವೆ, ಒಡೆಯದಂತೆ ಹುದುಗಿಸಿದರು.

"ಇದರಾಗ ವೈಫೈ ಮ್ಯಾಲೆ ಕರೀತೀನಿ. ಹಸರ ಗುಂಡಿ ಒತ್ತು, ಸಾಕು. ಅಡಗಿ ಮನ್ಯಾಗಿಂದ ಅಟ್ಟದ ತನಕ ನೋಡೀನಿ, ಭಾಳ ಛಲೋ ಬರ್ತೈತಿ."

ಗೌರಾಬಾಯಿ ತಲೆಯಾಡಿಸಿದರು. ಆಗಲೂ ನಂಬಿದ್ದರು.

ಆಸ್ಪತ್ರೆಯ ವೈಫೈಗೆ ಸೇರಬೇಕಾದರೆ ಮೊದಲು ಒಂದು ಪುಟ ತೆರೆಯಬೇಕಾಗಿತ್ತು. ಅಷ್ಟು ಹಳೆಯ ಯಂತ್ರದಲ್ಲಿ ಆ ಪುಟ ತೆರೆಯಲಿಲ್ಲ. ಆಮ್ಲಜನಕದ ಮುಖವಾಡದ ಹಿಂದಿನಿಂದ ಆಕೆ ಮತ್ತೆ ಮತ್ತೆ ಹಸಿರು ಗುಂಡಿ ಒತ್ತಿ, ಪರದೆ ಬೂದಿಯ ಬಣ್ಣಕ್ಕೆ ತಿರುಗುವುದನ್ನೇ ನೋಡಿದರು. ಉಸಿರು ಇನ್ನೂ ಕುಸಿದಾಗ ವೈದ್ಯರು ಬಂದು, ಮಲಗಿಸಿ ಯಂತ್ರದಿಂದ ಉಸಿರಾಡಿಸಬೇಕಾಗುತ್ತದೆ, ಅದಕ್ಕೆ ಮೊದಲು ಮನೆಯವರೊಂದಿಗೆ ಮಾತಾಡಿಬಿಡಿ ಎಂದರು. ಆ ಮಾತಿನ ಅರ್ಥ ಗಣಿತದ ಟೀಚರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ವಾರ್ಡಿನಲ್ಲಿ ರೋಗಿಗಳಿಗೆಂದೇ ಒಂದು ಪರದೆ ಇತ್ತು. ನರ್ಸ್ ಅದರಲ್ಲಿ ಐಶ್ವರ್ಯಾಳನ್ನು ತೋರಿಸಿದಳು. ಮಗಳು ಅಳದಿರಲು ಹೆಣಗುತ್ತ ಏನೇನೋ ಹೇಳಿದಳು. ಅವ್ವಾ ಅವ್ವಾ ಎಂದಷ್ಟೇ ತಾಯಿಗೆ ಕೇಳಿಸಿತು. ನಂತರ ಅವಳು ಎನ್ಸ್‌ಕೆಡೆಯ ಮನೆಗೆ ಫೋನು ಮಾಡಿದ್ದನ್ನು ಗೌರಾಬಾಯಿ ತಿಳಿದದ್ದು ಬಹಳ ದಿನಗಳ ಮೇಲೆ.

"ಅಪ್ಪಾ, ಆಸ್ಪತ್ರಿ ವಿಡಿಯೋಕ್ಕ ಬರೇ ಒಂದು ಲಿಂಕ್. ಲ್ಯಾಪ್‌ಟಾಪಿನಾಗ ಒಂದ್ಸಲ ಒತ್ರಿ. ನಾಳೆ ಎಲ್ಲಾ ಡಿಲೀಟ್ ಮಾಡ್ರಿ. ಪ್ಲೀಸ್ ಅಪ್ಪಾ."

"ಬ್ಯಾಡವಾ. ಅಕಿ ಹತ್ರ ನಂದ ಐತಿ. ನರ್ಸಿಗೆ ಹೇಳಿ ಹಚ್ಚಸ್ತೀನಿ, ಎಷ್ಟೊತ್ತಿನ ಕೆಲಸ ಅದು."

ಹಾಗೆ ಅವರು ವಾರ್ಡಿಗೆ ಫೋನು ಮಾಡಿದರು. ನರ್ಸ್ ಸ್ಪೀಕರ್ ಹಚ್ಚಿ ಫೋನನ್ನು ದಿಂಬಿನ ಪಕ್ಕದಲ್ಲಿಟ್ಟಳು. ಗಂಡನ ದನಿಯನ್ನು ಗೌರಾಬಾಯಿ ಕೇಳಿದರು. ಆದರೆ ಆ ದನಿ ಆಡುತ್ತಿದ್ದುದು ನರ್ಸಿನೊಂದಿಗೆ. ಬಾಗಲಕೋಟೆಯ ಏರಿಳಿತದ ಡಚ್ ಭಾಷೆಯಲ್ಲಿ, ಸೆಟ್ಟಿಂಗ್ಸಿಗೆ ಹೋಗಿ, ಅದಲ್ಲ, ಅದರ ಕೆಳಗಿನದು, ದಿನಾಂಕ ಸರಿಯಿದೆಯೇ ನೋಡಿ, ಈಗ ಮುಚ್ಚಿ ಮತ್ತೆ ತೆರೆಯಿರಿ. ಗವಸು ತೊಟ್ಟ ಕೈಗೆ ಅಷ್ಟು ಸಣ್ಣ ಕಡ್ಡಿ ಹಿಡಿಯಲಾಗದು. ಅದು ಎರಡು ಸಲ ಮಂಚದಡಿಗೆ ಬಿತ್ತು. ಕೊನೆಗೆ ಆ ಹುಡುಗಿ ಟ್ಯಾಬ್ಲೆಟ್ಟನ್ನು ಹೊದಿಕೆಯ ಮೇಲಿಟ್ಟಳು.

"ಸರ್, ನಿಮ್ಮ ಹೆಂಡತಿ ಕೇಳಿಸಿಕೊಳ್ಳುತ್ತಿದ್ದಾರೆ. ಅವರೊಂದಿಗೇ ಮಾತಾಡಿ."

ಫೋನಿನಲ್ಲಿ ಕಡ್ಡಿ ಪರದೆಗೆ ತಾಗುವ ಸದ್ದು ಬಂತು. ಆಮೇಲೆ, "ಗೌರಾ, ಸ್ವಲ್ಪ ತಡಿ, ಈಗ ಬರ್ತೈತಿ."

ವೈದ್ಯರು ತಡೆಯುವಂತಿರಲಿಲ್ಲ.

ಗೌರಾಬಾಯಿ ಬದುಕಿದರು. ವಾರಗಟ್ಟಲೆಯ ನಿದ್ದೆಯಿಂದ ಎದ್ದಾಗ ದನಿ ಒಡೆದಿತ್ತು, ಕಾಲು ಕೂಸಿನ ಕಾಲಾಗಿತ್ತು. ಭೇಟಿಗೆ ಅವಕಾಶವಾದ ಮೊದಲ ದಿನ ವೀರಣ್ಣ ಮಾಸ್ಕ್ ಹಾಕಿಕೊಂಡು ಬಂದರು. ಇಳಿದುಹೋಗಿದ್ದರು, ಕೋಟಿನ ಗುಂಡಿಗಳು ತಪ್ಪು ಕಾಜಿಗೆ ಸೇರಿದ್ದವು. ಹೆಂಡತಿಯ ಕೈಯನ್ನು ಒಮ್ಮೆ ಮುಟ್ಟಿ, ಒಳಜೇಬಿಗೆ ಕೈಹಾಕಿದರು.

"ನೋಡಿಲ್ಲಿ. ಈಗ ಈ ಆಸ್ಪತ್ರಿ ವೈಫೈಗೂ ಹತ್ತತೈತಿ. ನೀ ಮಲಗಿದ್ದಾಗ ಕೂತು ಬರದೆ. ಎಲ್ಲಾರಿಗೂ ಹಂಚೀನಿ. ಬ್ರೆಜಿಲ್‌ನಾಂವ ಒಬ್ಬ ಕಣ್ಣಾಗ ನೀರು ಬಂತು ಅಂತ ಬರದಾನ."

ಗೌರಾಬಾಯಿ ಆ ಬೆಳಗಿದ ಪರದೆಯನ್ನು ನೋಡಿದರು.

"ಅವತ್ತ ಹತ್ತಿದ್ರ, ನನಗ ಏನ ಹೇಳಾವ್ರಿದ್ರಿ?"

ವೀರಣ್ಣನವರ ಬೆರಳುಗಳ ನಡುವೆ ಕಡ್ಡಿ ತಿರುಗಿತು. "ಮೊದಲ... ನನ್ನ ಮಾರಿ ಕಾಣತೈತೇನು ಅಂತ ಕೇಳಾಂವಿದ್ದೆ."

"ಆಮ್ಯಾಲೆ?"

ಮಾಸ್ಕಿನ ಮೇಲೆ ಆ ಕಣ್ಣುಗಳು ತುಂಬಿ ಬಂದದ್ದನ್ನು ಗೌರಾಬಾಯಿ ಕಂಡರು. ಒಳಗೆ ಏನೂ ಇಲ್ಲದ ಮನುಷ್ಯನಾಗಿದ್ದರೆ ಆಕೆಗೆ ಹಗುರವಾಗುತ್ತಿತ್ತು. ಎಲ್ಲ ಇತ್ತು, ಕೊಡಬೇಕಾದ ಹೊತ್ತಿನಲ್ಲಿ ಅದನ್ನು ತಡೆದಿಟ್ಟುಕೊಂಡು, ತಡೆದದ್ದಕ್ಕೆ ತತ್ವವೆಂದು ಹೆಸರಿಟ್ಟಿದ್ದರು. ಉತ್ತರಕ್ಕಾಗಿ ಆಕೆ ಕಾದರು, ಭೇಟಿಯ ಹೊತ್ತು ಮುಗಿಯುವವರೆಗೂ ಕಾದರು.

ಆಸ್ಪತ್ರೆಯಿಂದ ಆಕೆ ಎನ್ಸ್‌ಕೆಡೆಯ ಮನೆಗೆ ಹೋಗಲಿಲ್ಲ.

"ಐಶೂ ಮನಿಗೆ ಹೋಗ್ತೀನ್ರಿ."

"ಎಷ್ಟ ದಿನ?"

"ನೋಡೂಣು."

ಜಗಳವಾಗಲಿಲ್ಲ. ಲಾಕ್‌ಡೌನುಗಳು ಬಂದು ಹೋದವು, ಮಾಸ್ಕುಗಳು ಕಳಚಿದವು. ನೂರ್ಡ್‌ವೈಕ್‌ನ ಮರಳುದಿಣ್ಣೆಗಳ ಮೇಲೆ ಗೌರಾಬಾಯಿ ಕೋಲಿಲ್ಲದೆ ನಡೆಯುವಂತಾದರು, ಅಕ್ಕಪಕ್ಕದ ನಮ್ಮವರ ಮಕ್ಕಳಿಗೆ ಗಣಿತ ಹೇಳಿಕೊಡತೊಡಗಿದರು, ಬೇಕೆನಿಸಿದ ಫೋನನ್ನು ಕೊಂಡರು. ಭಾನುವಾರಗಳಲ್ಲಿ ವೀರಣ್ಣ ದೇಶದ ಪೂರ್ವದ ಅಂಚಿನಿಂದ ಪಶ್ಚಿಮದ ಕಡಲಿಗೆ ರೈಲು ಹಿಡಿದು, ಬಸ್ಸು ಹಿಡಿದು ಬರುತ್ತಿದ್ದರು. ಚಹಾ ಕುಡಿದು, ಹವೆಯ ಮಾತಾಡಿ, ಸಂಜೆಗೆ ಹೊರಡುತ್ತಿದ್ದರು. ಬಾ ಎಂದು ಅವರು ಒಮ್ಮೆಯೂ ಕರೆಯಲಿಲ್ಲ. ಕರೆದಿದ್ದರೆ ಹೋಗುತ್ತಿದ್ದೆನೇ ಎಂದು ಗೌರಾಬಾಯಿ ಮೊದಮೊದಲು ಕೇಳಿಕೊಳ್ಳುತ್ತಿದ್ದರು; ಆಮೇಲೆ ಕೇಳಿಕೊಳ್ಳುವುದನ್ನು ಬಿಟ್ಟರು.

ಎಲ್ಲರೂ ಕೈಬಿಟ್ಟದ್ದನ್ನು ಕೈಬಿಡದೆ ಹಿಡಿದಿರುವ ಇಂಥವರದೊಂದು ಕುಲ ಲೋಕದಲ್ಲಿ ಸದಾ ಇರುತ್ತದೆ. ದೂರದವರು ಅವರನ್ನು ಕೊಂಡಾಡುತ್ತಾರೆ. ಆ ಕೊಂಡಾಟ ಸುಳ್ಳಲ್ಲ, ಕಂಡರಿಯದ ಸಾವಿರ ಜನಕ್ಕೆ ಅವರಿಂದ ನಿಜವಾಗಿಯೂ ಉಪಕಾರವಾಗಿರುತ್ತದೆ. ಆದರೆ ಅವರ ನಿಷ್ಠೆಯ ಸುಂಕವನ್ನು ಅವರು ತೆರುವುದಿಲ್ಲ. ಅದನ್ನು ತೆರುವವರು ಅವರೊಂದಿಗೆ ಒಂದೇ ಸೂರಿನಡಿ ಉಂಡು ಮಲಗಿದವರು. ಹಾಗೆಂದು ಈ ಕುಲದವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬಿಟ್ಟುಬಂದ ಮೇಲಾದರೂ ಮರೆಯಬಹುದಾಗಿತ್ತು.