ಬೂಟು ಬಿಚ್ಚಿದ ದಡ

ಹೆಸ್ಟರ್‌ಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನೀರಿನಂಚಿನಲ್ಲಿ ನೀರಿನ ಮಟ್ಟದ ಗುರುತಿಗೆ ಊರಿದ ಕಡ್ಡಿಯನ್ನು ನೋಡಿ ಬರುವುದು, ಕಟ್ಟಿದ ಚೀಲವನ್ನು ಬಿಚ್ಚಿ ಮತ್ತೆ ಕಟ್ಟುವುದು, ಮುತ್ತುವ ಮರಳುನೊಣಗಳಿಗೆ ಶಾಪ ಹಾಕುವುದು, ಮತ್ತೆ ಹೋಗಿ ಕಡ್ಡಿ ನೋಡುವುದು. ಸೋಮವಾರ ಬೆಳಗಿನಿಂದ ಇದೇ ಆಯಿತು. ಮಳೆಯೇನೋ ನಿಂತಿತ್ತು, ಮನೆಗೆ ಹೋಗಲು ದಾಟಬೇಕಾದ ಹಾಳು ನದಿಗೆ ಮಾತ್ರ ತಗ್ಗುವ ಮನಸ್ಸಿರಲಿಲ್ಲ. ರಾಡಿ ನೀರಿನಡಿ ಬಂಡೆಗಳು ಗಡಗಡ ಉರುಳುತ್ತಿದ್ದವು. ಆ ಸದ್ದು ನಿಲ್ಲುವ ತನಕ ಕಾಲಿಡಬಾರದೆಂದು ಅಪ್ಪ ಚಿಕ್ಕಂದಿನಲ್ಲೇ ಕಲಿಸಿದ್ದ.

ಈಗ ಅವಳ ಹೆದರಿಕೆಯೆಲ್ಲ ಆ ಅಪ್ಪನ ಬಗ್ಗೆಯೇ.

ಹೊರಡುವ ದಿನ ಹೊಕಿಟಿಕಾ ಊರಿನ ಮನೆಯಲ್ಲಿ ಅಪ್ಪ ಚಹಾ ಕಲಕುತ್ತ ಕೇಳಿದ್ದ.

"ಕಾಡಿಗೆ ಒಬ್ಳೇ ಹೋಗ್ತಿದೀಯ. ಯಾವಾಗ ಬರ್ತೀಯ?"

"ಭಾನುವಾರ ರಾತ್ರಿ ಊಟಕ್ಕೆ."

"ನದಿ ತುಂಬಿದ್ರೆ? ಒಂದು ದಿನ ಜಾಸ್ತಿ ಹೇಳಮ್ಮ."

"ನಾನೇನು ಪೇಟೆಯವಳಾ ಅಪ್ಪ? ಭಾನುವಾರ ಅಂದ್ರೆ ಭಾನುವಾರ. ಕುರಿಮಾಂಸ ಒಲೇಲಿ ಇಟ್ಟಿರು."

"ಆಯ್ತು ಮಹಾರಾಣಿ. ಬರ್ಲಿಲ್ಲ ಅಂದ್ರೆ, ಪೊಲೀಸರಿಗೆ ಹೇಳೋಕೆ ಮುಂಚೆ ನಾನೇ ಹುಡುಕ್ಕೊಂಡು ಬರ್ತೀನಿ."

"ಆ ನೋಯೋ ಮಂಡಿ ಇಟ್ಕೊಂಡಾ?"

"ಹೂಂ, ಈ ಮಂಡಿ ಇಟ್ಕೊಂಡೇ."

ಆ ಕಡೆ ಕಾಡಿಗೆ ಹೋಗುವವರೆಲ್ಲ ನದಿಗೆಂದೇ ಒಂದು ದಿನ ಸೇರಿಸಿ ಹೇಳುತ್ತಾರೆ. ಇವಳಿಗೆ ಜಂಬ, ಸೇರಿಸಲಿಲ್ಲ. ಅಪಾಯದಲ್ಲಿ ಒತ್ತಿದರೆ ರಕ್ಷಣೆಯವರಿಗೆ ಸುದ್ದಿ ಮುಟ್ಟಿಸುವ ಯಂತ್ರ ಚೀಲದಲ್ಲಿತ್ತು. ಆದರೆ ಗಾಯವಿಲ್ಲ, ಹಸಿವಿಲ್ಲ, ಯಾವ ಮುಖ ಇಟ್ಟುಕೊಂಡು ಒತ್ತುವುದು? ಇದ್ದಲ್ಲೇ ಇದ್ದರೆ ಅವಳಿಗೆ ಏನೂ ಆಗುತ್ತಿರಲಿಲ್ಲ. ಆದರೆ ಮಗಳಿಗಾಗಿ ಆ ಮುದುಕ ನದಿಗಿಳಿದರೆ?

ಮಧ್ಯಾಹ್ನ ಆಚೆ ದಡದ ಪೊದೆಗಳ ನಡುವೆ ಹಳದಿ ಮಳೆಯಂಗಿ ಕಂಡಿತು. ಅಪ್ಪನೇ, ಕುಂಟುತ್ತ ಬರುತ್ತಿದ್ದ. ಅವಳು ಧಡಕ್ಕನೆ ಎದ್ದಳು. ಹೊರಡುವ ಆತುರದಲ್ಲಿ ಬೆನ್ನಿಗೇರಿಸಿದ್ದ ಚೀಲದ ಸಮೇತ, ಕೈ ಬೀಸುತ್ತ ನೀರಿನತ್ತ ಓಡಿದಳು.

"ಬರಬೇಡ ಅಪ್ಪ, ಅಲ್ಲೇ ಇರು."

ಆ ಅಬ್ಬರದಲ್ಲಿ ಅವಳ ಕೂಗು ಅವಳಿಗೇ ಕೇಳಲಿಲ್ಲ. ಬೆನ್ನಲ್ಲಿ ಚೀಲ, ಕಾಲಲ್ಲಿ ಬೂಟು, ನೀರಿನತ್ತ ಓಟ. ಅಪ್ಪನಿಗೆ ಕಂಡದ್ದು ದಾಟಲು ಹೊರಟ ಮಗಳು. ನಡುನೀರಲ್ಲಿ ಅವಳನ್ನು ಹಿಡಿದುಕೊಳ್ಳಬೇಕೆಂದು ಅವನು ಕೋಲೂರಿ ಇಳಿದೇಬಿಟ್ಟ. ಮಂಡಿ ಮುಳುಗಿತು.

ಅವಳು ಇನ್ನೂ ಜೋರಾಗಿ ಕೈ ಬೀಸಿದಳು. ಅವನು ಇನ್ನೂ ಒಂದು ಹೆಜ್ಜೆ ಇಟ್ಟ. ಆಗ ಹೊಳೆಯಿತು, ಅವನನ್ನು ನೀರಿಗೆ ಎಳೆಯುತ್ತಿರುವುದು ತಾನೇ ಎಂದು.

ಹೆಸ್ಟರ್ ಹಿಂದೆ ಸರಿದು, ಚೀಲ ಕೆಳಗೆಸೆದು, ಬಂಡೆಯ ಮೇಲೆ ಕೂತಳು. ಬೂಟಿನ ದಾರಕ್ಕೆ ಕೈ ಹಾಕಿದಳು. ಒದ್ದೆ ಗಂಟು ಬಿಡಲೊಲ್ಲದು, ಉಗುರು ಕಿತ್ತು ಬಂತು. ಅಲ್ಲಿ ಯಾರೂ ಬರಿಗಾಲಲ್ಲಿ ನದಿ ದಾಟುವುದಿಲ್ಲ, ಆ ಕಲ್ಲುಗಳ ಮೇಲೆ ಕಾಲು ನಿಲ್ಲುವುದಿಲ್ಲ. ಅದು ಅಪ್ಪನಿಗೂ ಗೊತ್ತು. ಎರಡೂ ಬೂಟುಗಳನ್ನು ತಲೆಯ ಮೇಲೆ ಎತ್ತಿ ಹಿಡಿದು, ಬರಿಯ ಪಾದಗಳನ್ನು ಮುಂದೆ ಚಾಚಿದಳು. ನೋಡಲು ಧೈರ್ಯ ಸಾಲದೆ ಕಣ್ಣು ಮುಚ್ಚಿದಳು.

ಕಣ್ಣು ತೆರೆದಾಗ ಅಪ್ಪ ತೊಡೆಮಟ್ಟದ ನೀರಲ್ಲಿ ನಿಂತು ಅವಳ ಕಾಲುಗಳನ್ನೇ ದಿಟ್ಟಿಸುತ್ತಿದ್ದ. ಆಮೇಲೆ ಕೋಲನ್ನು ಬಿಗಿಯಾಗಿ ಊರಿ, ಹಿಂದಹಿಂದಕ್ಕೆ ಹೆಜ್ಜೆಯಿಟ್ಟು ದಡ ಸೇರಿದ. ಹೆಸ್ಟರ್ ಬಿಕ್ಕಿ ಬಿಕ್ಕಿ ಅತ್ತಳು. ನೊಣಗಳು ಪಾದವನ್ನು ಕಚ್ಚಿ ಹಣ್ಣು ಮಾಡುತ್ತಿದ್ದರೂ ಕಾಲು ಎಳೆದುಕೊಳ್ಳಲಿಲ್ಲ.

ಆಚೆ ದಡದಲ್ಲಿ ಅಪ್ಪ ಒಂದು ಕಲ್ಲು ನೋಡಿ ಕೂತ. ನೋಯುವ ಮಂಡಿಯನ್ನು ಮುಂದೆ ಚಾಚಿ, ನಿಧಾನವಾಗಿ ತನ್ನ ಬೂಟುಗಳನ್ನೂ ಬಿಚ್ಚತೊಡಗಿದ.